ಹೊರ್ತುಸ್ ಮಲಬಾರಿಕುಸ್ ಮುಖಪುಟದಿಂದ ಲ್ಯಾಟಿನ್ ಕೃದಂತ: ಹಂತ ಹಂತವಾಗಿ

ಲ್ಯಾಟಿನ್ ಶುರು ಮಾಡಿದವರು ಮೊದಲ ಎರಡು ತಿಂಗಳು ಚೆನ್ನಾಗಿಯೇ ಸಾಗುತ್ತಾರೆ. ನಾಮಪದದ ವಿಭಕ್ತಿಗಳು ಬಾಯಿಗೆ ಬರುತ್ತವೆ, ಕ್ರಿಯಾಪದದ ಕಾಲಗಳೂ ಬರುತ್ತವೆ. ಆಮೇಲೆ ಪಾರ್ಟಿಸಿಪಲ್ ಎಂಬ ಪಾಠ ಎದುರಾಗುತ್ತದೆ. ಬಹಳ ಜನ ಪುಸ್ತಕ ಮುಚ್ಚುವುದು ಅಲ್ಲೇ. ನಾನೂ ಮುಚ್ಚಿಟ್ಟಿದ್ದೆ. ನನ್ನದು ಇಂಗ್ಲಿಷ್ ಪುಸ್ತಕ. ಒಂದೊಂದು ರೂಪಕ್ಕೂ ‘ಹ್ಯಾವಿಂಗ್ ಬೀನ್’, ‘ಅಬೌಟ್ ಟು ಬಿ’ ಎಂದು ಅದು ಹೇಳುತ್ತಿತ್ತು. ನಾನು ಅದನ್ನು ಕನ್ನಡಕ್ಕೆ ತಂದುಕೊಳ್ಳುವಷ್ಟರಲ್ಲಿ ಮೂಲ ವಾಕ್ಯವೇ ಕೈತಪ್ಪುತ್ತಿತ್ತು. ಇಂಗ್ಲಿಷನ್ನು ಬದಿಗೆ ಸರಿಸಿ, ಹೈಸ್ಕೂಲಿನಲ್ಲಿ ಕಲಿತ ಕೃದಂತವನ್ನು ಲ್ಯಾಟಿನ್ ಪಕ್ಕದಲ್ಲಿಟ್ಟ ದಿನ ಪಾಠ ಬಿಡಿಸಿಕೊಂಡಿತು.

ಭಯಪಡಬೇಡಿ. ಕನ್ನಡ ಗೊತ್ತಿದ್ದು, ಸಂಸ್ಕೃತದ ನಾಲ್ಕು ಪದ ಕಿವಿಗೆ ಬಿದ್ದಿದ್ದರೆ ಅರ್ಧ ದಾರಿ ನಡೆದಾಗಿದೆ ಎಂದೇ ತಿಳಿಯಿರಿ.

ನಾನಿರುವುದು ಕೊಚ್ಚಿಯ ಎಡಪ್ಪಳ್ಳಿಯಲ್ಲಿ. ಇಲ್ಲಿನ ಹಳೆಯ ಸಂತ ಜಾರ್ಜ್ ಚರ್ಚು ಸುರಿಯಾನಿ ಸಂಪ್ರದಾಯದ್ದು, ಅಲ್ಲಿ ಲ್ಯಾಟಿನ್ ಹುಡುಕಬೇಡಿ. ಈ ಊರಿನ ಸುತ್ತಲ ನೆಲದಲ್ಲಿ ನನಗೆ ಲ್ಯಾಟಿನ್ ಸಿಕ್ಕಿದ್ದು ಗಿಡಗಳ ಮೂಲಕ. 1670ರ ದಶಕದಲ್ಲಿ ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ ದೊಡ್ಡ ಗ್ರಂಥವನ್ನು ಸಿದ್ಧಮಾಡಿಸಿದ. ಅದೇ ‘ಹೊರ್ತುಸ್ ಮಲಬಾರಿಕುಸ್’, ಇಂಗ್ಲಿಷ್ ಬಾಯಲ್ಲಿ ಹಾರ್ಟಸ್ ಮಲಬಾರಿಕಸ್. 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. 740ಕ್ಕೂ ಹೆಚ್ಚು ಗಿಡಗಳ ವಿವರ ಅದರಲ್ಲಿದೆ. ಚೇರ್ತಲ ಕಡೆಯ ವೈದ್ಯ ಇಟ್ಟಿ ಅಚ್ಯುದನ್, ಕೊಂಕಣಿ ಪಂಡಿತರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಹೇಳಿದ ತಿಳಿವಳಿಕೆ ಪೋರ್ಚುಗೀಸ್, ಡಚ್ ಭಾಷೆಗಳನ್ನು ದಾಟಿ ಕೊನೆಗೆ ಲ್ಯಾಟಿನ್ ಆಯಿತು. ಮೊದಲ ಸಂಪುಟದ ಲ್ಯಾಟಿನ್ ಕೆಲಸ ಕೊಚ್ಚಿಯಲ್ಲಿದ್ದ ಪಾದ್ರಿ ಯೊಹಾನೆಸ್ ಕಸೇರಿಯುಸ್‌ನದು. ಅವನು ಯುವಕನಾಗಿದ್ದಾಗ ತತ್ತ್ವಜ್ಞಾನಿ ಸ್ಪಿನೋಜಾನ ಬಳಿ ಪಾಠ ಹೇಳಿಸಿಕೊಂಡವನು.

ಆ ಗ್ರಂಥದ ಮುಖಪುಟ ಒಂದೇ ಸಾಕು. ಅದರ ಉದ್ದನೆಯ ಹೆಸರಿನೊಳಗೇ ನಮಗೆ ಬೇಕಾದ ಕೃದಂತಗಳು ಸಾಲಾಗಿ ಕೂತಿವೆ.

ಹಂತ 1: ಕನ್ನಡದ ಕೃದಂತವನ್ನು ನೆನಪಿಸಿಕೊಳ್ಳಿ

ನೋಟ್‌ಬುಕ್ ತೆಗೆದು ‘ಬರೆ’ ಎಂಬ ಧಾತು ಬರೆಯಿರಿ. ಅದರ ಕೆಳಗೆ: ಬರೆಯುವ, ಬರೆದ, ಬರೆಯದ. ಇವು ಕ್ರಿಯಾಪದದಿಂದ ಹುಟ್ಟಿ ನಾಮಪದವನ್ನು ವಿಶೇಷಿಸುತ್ತವೆ. ಬರೆಯುವ ಹುಡುಗಿ, ಬರೆದ ಪತ್ರ. ಅರ್ಧ ಕ್ರಿಯೆ, ಅರ್ಧ ವಿಶೇಷಣ. ಲ್ಯಾಟಿನ್ನಿನವರು ಇದಕ್ಕೆ ಇಟ್ಟ ಹೆಸರು ‘ಪರ್ತಿಕಿಪಿಯುಮ್’, ಅಂದರೆ ಎರಡು ಕಡೆಯಿಂದಲೂ ಪಾಲು ತೆಗೆದುಕೊಂಡದ್ದು. ಸದ್ಯಕ್ಕೆ ಇಷ್ಟೇ, ಮುಂದೆ ಹೋಗೋಣ.

ಹಂತ 2: ಮುಖಪುಟ ತೆರೆಯಿರಿ

ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಗೆ ಹೋಗಿ, ಗ್ರಂಥದ ಹೆಸರು ಟೈಪ್ ಮಾಡಿ ಮೊದಲ ಸಂಪುಟ ತೆರೆಯಿರಿ. ದುಡ್ಡು ಕೊಡಬೇಕಿಲ್ಲ. ಪದ ನೋಡಲು ಇನ್ನೊಂದು ಟ್ಯಾಬ್‌ನಲ್ಲಿ ವಿಕ್ಷನರಿ ಇರಲಿ.

ಎಚ್ಚರಿಕೆ: 17ನೇ ಶತಮಾನದ ಅಚ್ಚಿನಲ್ಲಿ ‘ಎಸ್’ ಅಕ್ಷರ ಹಲವು ಕಡೆ ‘ಎಫ್’ ಹಾಗೆ ಉದ್ದವಾಗಿ ಕಾಣುತ್ತದೆ. ಪದ ನಿಘಂಟಿನಲ್ಲಿ ಸಿಗದೆ ಹೋದರೆ ಮೊದಲು ಈ ಅಕ್ಷರವನ್ನೇ ಅನುಮಾನಿಸಿ.

ಹಂತ 3: ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ

ಇದನ್ನು ಬಿಡಬೇಡಿ. ಲ್ಯಾಟಿನ್‌ನಲ್ಲಿ ಹ್ರಸ್ವ, ದೀರ್ಘಗಳಿಂದ ವಿಭಕ್ತಿಯೇ ಬದಲಾಗುತ್ತದೆ, ಆದರೆ ಹಳೆಯ ಅಚ್ಚಿನಲ್ಲಿ ಅದು ಬಹುಪಾಲು ಕಾಣುವುದಿಲ್ಲ. ನಮ್ಮ ಲಿಪಿಯಲ್ಲಿ ಕಾಣುತ್ತದೆ. ಅ–ಆ ಮಾತ್ರವಲ್ಲ, ಎ–ಏ, ಒ–ಓ ಭೇದವೂ ಕನ್ನಡಕ್ಕಿದೆ. ದೇವನಾಗರಿಯಲ್ಲಿ ಸಂಸ್ಕೃತ ಬರೆಯುವವರಿಗೆ ಆ ಅನುಕೂಲ ಇಲ್ಲ. ವಿಕ್ಷನರಿಯಲ್ಲಿ ಅಕ್ಷರದ ಮೇಲೆ ಅಡ್ಡಗೆರೆ ಇದ್ದರೆ ದೀರ್ಘ ಬರೆಯಿರಿ. ಇದರ ಬೆಲೆ ಒಂಬತ್ತನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 4: ಧಾತುವಿನ ನಾಲ್ಕು ರೂಪ ಹುಡುಕಿ

ನಿಘಂಟು ಪ್ರತಿ ಕ್ರಿಯಾಪದಕ್ಕೂ ಸಾಮಾನ್ಯವಾಗಿ ನಾಲ್ಕು ರೂಪ ಕೊಡುತ್ತದೆ. ‘ಬರೆ’ ಎನ್ನಲು: ಸ್ಕ್ರೀಬೋ, ಸ್ಕ್ರೀಬೆರೆ, ಸ್ಕ್ರೀಪ್ಸೀ, ಸ್ಕ್ರೀಪ್ತುಮ್. ನಾಲ್ಕನ್ನೂ ಬರೆದು, ಎರಡನೆಯದಕ್ಕೂ ನಾಲ್ಕನೆಯದಕ್ಕೂ ಅಡಿಗೆರೆ ಹಾಕಿ. ಎಲ್ಲ ಕೃದಂತಗಳೂ ಈ ಎರಡು ಬುಡಗಳಿಂದಲೇ ಚಿಗುರುತ್ತವೆ. ಮೂರನೆಯದು ನಮಗೆ ಇಂದು ಬೇಡ.

ಹಂತ 5: ‘ನ್ಸ್’ ಬಾಲ ಕಂಡರೆ ‘-ಉವ, -ಉತ್ತಿರುವ’ ಎಂದು ಓದಿ

ಎರಡನೆಯ ರೂಪದ ಬುಡಕ್ಕೆ ‘ನ್ಸ್’ ಸೇರಿದರೆ ಸ್ಕ್ರೀಬೇನ್ಸ್: ಬರೆಯುವ, ಬರೆಯುತ್ತಿರುವ. ಬೇರೆ ವಿಭಕ್ತಿಗಳಿಗೆ ಹೋದಾಗ ‘ನ್ಸ್’ ಜಾಗದಲ್ಲಿ ‘ಂತ್’ ಕಾಣಿಸಿಕೊಳ್ಳುತ್ತದೆ: ಸ್ಕ್ರೀಬೆಂತಿಸ್, ಸ್ಕ್ರೀಬೆಂತೆಮ್. ಈ ‘ಂತ್’ ನಮಗೆ ಹೊಸದಲ್ಲ. ‘ಜೀವಂತ’ ಎನ್ನುವಾಗ ಬಾಯಲ್ಲಿ ಬರುವುದೂ ಅದೇ. ಲ್ಯಾಟಿನ್‌ನ ವೀವೇನ್ಸ್, ವೀವೆಂತಿಸ್ ಪದವೂ ಸಂಸ್ಕೃತದ ಈ ಪದವೂ ಒಂದೇ ಬೇರಿನ ಒಡಹುಟ್ಟುಗಳು.

ಈಗ ಮುಖಪುಟ ನೋಡಿ. ‘ಹೊರ್ತುಸ್’ ಅಂದರೆ ತೋಟ. ಅದರ ಬೆನ್ನಿಗೇ ‘ಕೊಂತಿನೇನ್ಸ್’ ಸಿಗುತ್ತದೆ. ಧಾತು ಕೊಂತಿನೆಯೋ, ಒಳಗೊಳ್ಳು. ಆದ್ದರಿಂದ ‘ಒಳಗೊಂಡಿರುವ ತೋಟ’. ಏನನ್ನು ಒಳಗೊಂಡಿರುವ? ಸ್ವಲ್ಪ ಮುಂದೆ ‘ಪ್ಲಂತಾಸ್’, ಗಿಡಗಳನ್ನು. ಕೃದಂತ ಅರ್ಧ ಕ್ರಿಯಾಪದ ಎಂದದ್ದು ಇದಕ್ಕೇ: ಅದು ಕರ್ಮವನ್ನೂ ಇಟ್ಟುಕೊಳ್ಳಬಲ್ಲದು. ಅಂದಹಾಗೆ, ಭೂಖಂಡಕ್ಕೆ ಹೇಳುವ ‘ಕಾಂಟಿನೆಂಟ್’ ಕೂಡ ಇದೇ ಪದದ ಮಗು.

ಎಚ್ಚರಿಕೆ: ಕನ್ನಡದಲ್ಲಿ ‘ನಗುವ ಹುಡುಗಿ’ ಬೇರೆ, ‘ನಗುತ್ತ ಬಂದಳು’ ಬೇರೆ. ಲ್ಯಾಟಿನ್‌ಗೆ ಎರಡಕ್ಕೂ ‘ರೀದೇನ್ಸ್’ ಒಂದೇ. ಯಾವುದು ಹೊಂದುತ್ತದೋ ಸಂದರ್ಭ ನೋಡಿ ನೀವೇ ಆರಿಸಬೇಕು. ‘ರೀದೇನ್ಸ್ ವೇನಿತ್’ ಎಂದರೆ ‘ನಗುತ್ತ ಬಂದಳು’. ಬಂದದ್ದು ನಿನ್ನೆಯಾದರೆ ನಗುವೂ ನಿನ್ನೆಯದೇ; ಈ ಕೃದಂತಕ್ಕೆ ಸ್ವಂತ ಕಾಲವಿಲ್ಲ, ಮುಖ್ಯ ಕ್ರಿಯಾಪದದ ಕಾಲವೇ ಇದರ ಕಾಲ.

ಹಂತ 6: ‘ತುಸ್’ ಅಥವಾ ‘ಸುಸ್’ ಕಂಡರೆ ‘-ಅಲ್ಪಟ್ಟ’ ಎಂದು ಓದಿ

ನಾಲ್ಕನೆಯ ರೂಪದ ‘ಉಮ್’ ತೆಗೆದು ‘ಉಸ್’ ಇಡಿ. ಸ್ಕ್ರೀಪ್ತುಮ್ ಹೋಗಿ ಸ್ಕ್ರೀಪ್ತುಸ್: ಬರೆಯಲ್ಪಟ್ಟ. ಸಂಸ್ಕೃತದ ಯುಕ್ತ, ದತ್ತ, ಜ್ಞಾತ, ಸ್ಥಿತ ನೆನಪಿಸಿಕೊಳ್ಳಿ. ಲ್ಯಾಟಿನ್‌ನಲ್ಲಿ ಅವಕ್ಕೆ ಯೂಂಕ್ತುಸ್, ದತುಸ್, ನೋತುಸ್, ಸ್ತತುಸ್. ದಿನಾ ಬಳಸುವ ‘ಡೇಟಾ’ ಎಂಬುದು ಈ ‘ದತುಸ್’ನ ಬಹುವಚನ: ಕೊಡಲ್ಪಟ್ಟವು.

ಕನ್ನಡಿಗರು ಜಾರುವುದು ಇಲ್ಲೇ, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ‘ಬರೆದ’ ಎಂಬುದಕ್ಕೆ ಎರಡು ದಿಕ್ಕೂ ಸಲ್ಲುತ್ತದೆ. ‘ಹುಡುಗಿ ಬರೆದ ಪತ್ರ’ ಎನ್ನುತ್ತೇವೆ, ‘ಪತ್ರ ಬರೆದ ಹುಡುಗಿ’ ಎಂದೂ ಎನ್ನುತ್ತೇವೆ. ‘ಬರೆದ’ ಅಲುಗುವುದಿಲ್ಲ. ಲ್ಯಾಟಿನ್‌ನ ‘ಸ್ಕ್ರೀಪ್ತುಸ್’ಗೆ ದಿಕ್ಕು ಒಂದೇ. ‘ಎಪಿಸ್ತುಲ ಸ್ಕ್ರೀಪ್ತ’ ಅಂದರೆ ಬರೆಯಲ್ಪಟ್ಟ ಪತ್ರ, ಇದು ಸರಿ. ಪತ್ರ ಬರೆದ ಹುಡುಗಿ ಎನ್ನಲು ‘ಪುಯೆಲ್ಲ ಸ್ಕ್ರೀಪ್ತ’ ಎಂದರೆ ಹುಡುಗಿಯನ್ನೇ ಯಾರೋ ಕಾಗದದ ಮೇಲೆ ಬರೆದಂತೆ ಆಗುತ್ತದೆ. ಆದ್ದರಿಂದ ‘ತುಸ್’ ಕಂಡಾಗ ‘-ಇದ’ ಎಂದು ಓದಬೇಡಿ. ಕಿವಿಗೆ ಒರಟಾದರೂ ಮೊದಲು ‘-ಅಲ್ಪಟ್ಟ’ ಎಂದೇ ಬರೆಯಿರಿ. ಅರ್ಥ ಗಟ್ಟಿಯಾದ ಮೇಲೆ ಒಳ್ಳೆಯ ಕನ್ನಡಕ್ಕೆ ತಿದ್ದಿಕೊಳ್ಳಬಹುದು.

ಒಂದು ಸಣ್ಣ ಗುಂಪು ಇದಕ್ಕೆ ಹೊರತು. ‘ಲೊಕ್ವೊರ್’, ಮಾತಾಡು, ಎಂಬಂಥ ಧಾತುಗಳಿಗೆ ರೂಪ ಕರ್ಮಣಿಯದು, ಅರ್ಥ ಕರ್ತರಿಯದು. ‘ಲೊಕೂತುಸ್’ ಎಂದರೆ ಮಾತಾಡಿದ. ನಿಘಂಟಿನಲ್ಲಿ ಮೊದಲ ರೂಪ ‘ಒರ್’ ಎಂದು ಮುಗಿದಿದ್ದರೆ ಈ ಗುಂಪು ಎಂದು ಗುರುತು ಹಾಕಿಕೊಳ್ಳಿ.

ಹಂತ 7: ಕೃದಂತದ ಜೋಡಿ ಹುಡುಕಿ

ಇದು ಪಾಠದ ನಡುಗಂಬ. ಕನ್ನಡದಲ್ಲಿ ಕೃದಂತ ನಾಮಪದಕ್ಕೆ ಅಂಟಿಕೊಂಡೇ, ಅದರ ಮುಂದೆಯೇ ಬರುತ್ತದೆ. ಲ್ಯಾಟಿನ್‌ನಲ್ಲಿ ಅದು ನಾಲ್ಕಾರು ಪದ ದೂರ ಹೋಗಿ ಕೂತಿರಬಹುದು. ಆದರೂ ಕಳೆದುಹೋಗುವುದಿಲ್ಲ, ಯಾಕೆಂದರೆ ತನ್ನ ನಾಮಪದದ ಲಿಂಗ, ವಚನ, ವಿಭಕ್ತಿ ಮೂರನ್ನೂ ಹೊತ್ತುಕೊಂಡಿರುತ್ತದೆ. ಸಂಸ್ಕೃತ ಓದಿದವರಿಗೆ ಇದು ಮನೆಯ ಸಂಗತಿ.

ಹೀಗೆ ಮಾಡಿ. ಮುಖಪುಟದ ‘ಎಕ್ಸ್‌ಪ್ರೆಸ್ಸಾಸ್’ ಪದದ ಮೇಲೆ ಬೆರಳಿಡಿ. ಬಾಲ ‘ಆಸ್’. ಸ್ತ್ರೀಲಿಂಗ, ಬಹುವಚನ, ದ್ವಿತೀಯಾ. ಈಗ ಬೆರಳನ್ನು ಹಿಂದಕ್ಕೆ ಸರಿಸುತ್ತ ಹೋಗಿ, ಅದೇ ಮೂರು ಗುಣ ಇರುವ ನಾಮಪದ ಸಿಗುವವರೆಗೆ. ನಡುವೆ ಲಿಪಿಗಳ ಹೆಸರು ಬರುತ್ತವೆ. ಅವು ಬೇರೆ ವಿಭಕ್ತಿ, ಬಿಟ್ಟು ಹೋಗಿ. ‘ಪ್ಲಂತಾಸ್’ ಹತ್ತಿರ ನಿಲ್ಲಿ. ಜೋಡಿ ಸಿಕ್ಕಿತು. ಧಾತು ಎಕ್ಸ್‌ಪ್ರಿಮೋ, ವ್ಯಕ್ತಪಡಿಸು. ಗಿಡಗಳು ಲ್ಯಾಟಿನ್, ಮಲಯಾಳಂ, ಅರಬಿ ಮತ್ತು ಕೊಂಕಣಿ ಬ್ರಾಹ್ಮಣರ ಅಕ್ಷರಗಳಲ್ಲೂ ಹೆಸರುಗಳಲ್ಲೂ ‘ವ್ಯಕ್ತಪಡಿಸಲ್ಪಟ್ಟ’ವು.

ಮುಂದೆ ಓದಿದರೆ ‘ದೇಲೀನೆಯಾತಾಸ್’, ಚಿತ್ರಿಸಲ್ಪಟ್ಟ. ಆಮೇಲೆ ‘ಎಕ್ಸ್‌ಹಿಬಿತಾಸ್’, ತೋರಿಸಲ್ಪಟ್ಟ. ಎರಡರ ಬಾಲವೂ ‘ಆಸ್’, ಎರಡೂ ಅದೇ ‘ಪ್ಲಂತಾಸ್’ಗೆ ಸೇರಿದವು. ಒಂದು ನಾಮಪದ, ಮೂರು ಕೃದಂತ. ಕನ್ನಡದಲ್ಲಿ ಮೂರನ್ನೂ ಗಿಡದ ಮುಂದೆ ಸಾಲು ನಿಲ್ಲಿಸಬೇಕಾಗುತ್ತದೆ. ಲ್ಯಾಟಿನ್ ಅವನ್ನು ಪುಟದ ಉದ್ದಕ್ಕೂ ಹರಡಿ, ಬಾಲದ ದಾರದಲ್ಲಿ ಕಟ್ಟಿದೆ. ಈ ದಾರವನ್ನು ಕಣ್ಣಾರೆ ಕಂಡ ಮೇಲೆ ನನಗೆ ಲ್ಯಾಟಿನ್ ಮೇಲೆ ಪ್ರೀತಿ ಹುಟ್ಟಿತು. ಇಲ್ಲಿ ನಿಧಾನಿಸಿ, ಎರಡು ಸಲ ಮಾಡಿ.

ಇನ್ನೂ ಕೆಳಗೆ ‘ಅದೋರ್ನಾತುಸ್’ ಇದೆ: ಸಜ್ಜುಗೊಳಿಸಲ್ಪಟ್ಟ. ಬಾಲ ‘ಉಸ್’. ಗಿಡಗಳಿಗೆ ಹೊಂದುವುದಿಲ್ಲ. ಅಷ್ಟು ದೂರ ಹಿಂದಿರುವ ‘ಹೊರ್ತುಸ್’ಗೆ ಹೊಂದುತ್ತದೆ. ಸಜ್ಜುಗೊಂಡದ್ದು ತೋಟ, ಅಂದರೆ ಗ್ರಂಥ; ಅದರ ಹಿಂದೆಯೇ ವಾನ್ ರೀಡ್‌ನ ಹೆಸರು ಬರುತ್ತದೆ.

ಎಚ್ಚರಿಕೆ: ಕನ್ನಡದಲ್ಲಿ ತೋಟವೂ ಗಿಡವೂ ನಪುಂಸಕಲಿಂಗ. ಲ್ಯಾಟಿನ್‌ನಲ್ಲಿ ತೋಟ ಪುಲ್ಲಿಂಗ, ಗಿಡ ಸ್ತ್ರೀಲಿಂಗ. ಅರ್ಥದಿಂದ ಲಿಂಗ ಊಹಿಸಬೇಡಿ, ನಿಘಂಟು ನೋಡಿ.

ಹಂತ 8: ಉಳಿದ ಎರಡನ್ನು ಗುರುತಿಸಲು ಕಲಿಯಿರಿ

ಇವು ಕಡಿಮೆ ಬರುತ್ತವೆ, ಬೇಗ ಮುಗಿಸೋಣ. ‘ಸ್ಕ್ರೀಪ್ತೂರುಸ್’ ಅಂದರೆ ಬರೆಯಲಿರುವ. ಬಾಲದ ಹಿಂದೆ ‘ಊರ್’ ಕಂಡರೆ, ಊರು ಇನ್ನೂ ಮುಂದಿದೆ ಎಂದು ನೆನಪಿಟ್ಟುಕೊಳ್ಳಿ. ‘ಫ್ಯೂಚರ್’ ಪದದ ಮೂಲವಾದ ‘ಫುತೂರುಸ್’ ಈ ಜಾತಿಯದೇ: ಆಗಲಿರುವ.

‘ಸ್ಕ್ರೀಬೆಂದುಸ್’ ಅಂದರೆ ಬರೆಯಲ್ಪಡಬೇಕಾದ. ಸಂಸ್ಕೃತದ ಸ್ಮರಣೀಯ, ಕರ್ತವ್ಯ ಇದ್ದಂತೆ. ಆಫೀಸಿನ ಅಜೆಂಡಾ ಎಂದರೆ ಮಾಡಬೇಕಾದವು, ಮೆಮೊರಾಂಡಮ್ ಎಂದರೆ ನೆನಪಿಡಬೇಕಾದದ್ದು. ಪ್ರೊಪಗಾಂಡಾ ಎಂಬುದು ರೋಮಿನಲ್ಲಿ 1622ರಲ್ಲಿ ಸ್ಥಾಪನೆಯಾದ ‘ಪ್ರೊಪಗಾಂಡಾ ಫೀದೆ’ ಸಭೆಯ ಹೆಸರಿನಿಂದ ಬಂತು. ಹರಡಬೇಕಾದ ನಂಬಿಕೆ ಎಂದು ಅದರ ಅರ್ಥ. ಎಡಪ್ಪಳ್ಳಿಯಿಂದ ಎನ್‌ಎಚ್ 66ರಲ್ಲಿ ಬಡಗಕ್ಕೆ ಹೊರಟರೆ ಸಿಗುವ ವರಾಪುಳ ಆ ಸಭೆಯ ಅಡಿಯಲ್ಲಿ ದುಡಿದ ಕಾರ್ಮೆಲೈಟ್ ಪಾದ್ರಿಗಳ ನೆಲೆಯಾಗಿತ್ತು.

ಎಚ್ಚರಿಕೆ: ‘ಂತ್’ ಮತ್ತು ‘ಂದ್’ ಕಲಸಿಹೋಗಬಾರದು. ತ ಇದ್ದರೆ ಮಾಡುವ, ದ ಇದ್ದರೆ ಮಾಡಬೇಕಾದ.

ಹಂತ 9: ಒಂಟಿ ಜೋಡಿಯನ್ನು ‘-ಅಲಾಗಿ’ ಎಂದು ಓದಿ

ಅಬ್ಲೇಟಿವ್ ಆಬ್ಸಲ್ಯೂಟ್ ಎಂಬ ಹೆಸರು ಕೇಳಿದರೇ ಗಂಟಲು ಒಣಗುತ್ತದೆ. ಭಯಪಡಬೇಡಿ. ಇದು ಸಂಸ್ಕೃತದ ಸತಿಸಪ್ತಮಿಯ ಅಣ್ಣತಮ್ಮ. ‘ಉದಿತೇ ಸೂರ್ಯೇ’ ಎಂದರೆ ಸೂರ್ಯ ಹುಟ್ಟಿರಲು. ಅಲ್ಲಿ ಸೂರ್ಯನೂ ಕೃದಂತವೂ ಸಪ್ತಮಿಯಲ್ಲಿ ನಿಂತು, ಉಳಿದ ವಾಕ್ಯಕ್ಕೆ ಸಮಯವನ್ನೋ ಸನ್ನಿವೇಶವನ್ನೋ ಕೊಡುತ್ತವೆ. ಲ್ಯಾಟಿನ್‌ನಲ್ಲಿ ಆ ಕೆಲಸ ಅಬ್ಲೇಟಿವ್ ವಿಭಕ್ತಿಯದು. ‘ಸೋಲೆ ಒರಿಯೆಂತೆ’: ಸೂರ್ಯ ಹುಟ್ಟುತ್ತಿರಲು.

ಮುಖಪುಟಕ್ಕೆ ಮರಳಿ. ‘ಅದ್ದಿತಾ’ ಎಂಬ ಪದ, ನಡುವೆ ಕೆಲವು ಪದ, ಆಮೇಲೆ ‘ದೇಸ್ಕ್ರೀಪ್ತಿಯೋನೆ’. ಮೊದಲನೆಯದು ಸೇರಿಸಲ್ಪಟ್ಟ, ಎರಡನೆಯದು ವಿವರಣೆ. ಅದರ ಹೊಟ್ಟೆಯಲ್ಲಿ ನಮ್ಮ ‘ಸ್ಕ್ರೀಪ್ತ್’ ಇರುವುದನ್ನು ನೋಡಿದಿರಾ? ಎರಡೂ ಅಬ್ಲೇಟಿವ್. ಈ ವಿವರಣೆ ಮುಖಪುಟದ ಬೇರೆ ಯಾವ ಪದಕ್ಕೂ ಕರ್ತೃವಲ್ಲ, ಕರ್ಮವಲ್ಲ. ಒಂಟಿಯಾಗಿ ನಿಂತ ಜೋಡಿ. ಕನ್ನಡದಲ್ಲಿ: ‘ವಿವರಣೆಯನ್ನೂ ಸೇರಿಸಲಾಗಿ’. ಇನ್ನೂ ಸರಳವಾಗಿ, ‘ವಿವರಣೆಯನ್ನೂ ಸೇರಿಸಿ’. ಇಂಗ್ಲಿಷ್ ಪುಸ್ತಕ ಅರ್ಧ ಪುಟ ವಿವರಿಸುವುದನ್ನು ನಮ್ಮ ‘-ಅಲಾಗಿ’ ಒಂದೇ ಪದದಲ್ಲಿ ಹಿಡಿಯುತ್ತದೆ.

ಈಗ ಮೂರನೆಯ ಹಂತ ನೆನಪಿಸಿಕೊಳ್ಳಿ. ‘ಅದ್ದಿತ’ ಎಂದು ಹ್ರಸ್ವವಾಗಿ ಬರೆದಿದ್ದರೆ ಅದು ಪ್ರಥಮಾ ವಿಭಕ್ತಿಯಾಗಿ, ನೀವು ಕರ್ತೃವನ್ನು ಹುಡುಕುತ್ತ ಪುಟವೆಲ್ಲ ಅಲೆಯಬೇಕಿತ್ತು. ‘ಅದ್ದಿತಾ’ ಎಂಬ ಒಂದು ದೀರ್ಘ ದಾರಿ ತೋರಿಸಿತು.

ಆರನೆಯ ಹಂತದಲ್ಲಿ ಬಾಕಿ ಉಳಿದ ಪ್ರಶ್ನೆಗೂ ಇಲ್ಲೇ ಉತ್ತರ. ಹುಡುಗಿ ಪತ್ರ ಬರೆದು ಹೋದಳು ಎನ್ನಬೇಕು. ‘ಬರೆದ’ ಎಂಬ ಕರ್ತರಿ ರೂಪ ಲ್ಯಾಟಿನ್‌ನಲ್ಲಿ ಇಲ್ಲ. ಆಗ ‘ಎಪಿಸ್ತುಲಾ ಸ್ಕ್ರೀಪ್ತಾ’ ಎಂದು ಎರಡನ್ನೂ ಅಬ್ಲೇಟಿವ್‌ಗೆ ತರುತ್ತಾರೆ: ಪತ್ರ ಬರೆಯಲ್ಪಟ್ಟಿರಲು ಹೋದಳು. ನಮ್ಮ ‘ಬರೆದು, ಮಾಡಿ, ಮುಗಿಸಿ’ಗಳ ಕೆಲಸವನ್ನು ಲ್ಯಾಟಿನ್ ಬಹಳ ಸಲ ಹೀಗೆ ತೀರಿಸಿಕೊಳ್ಳುತ್ತದೆ.

ನಿಮ್ಮ ಅರ್ಥ ಸರಿಯೇ ಎಂದು ತಾಳೆ ನೋಡಬೇಕಿದ್ದರೆ, ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್ ಮಾಡಿದ ಇಂಗ್ಲಿಷ್ ಅನುವಾದವಿದೆ. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ ಅದನ್ನು 2003ರಲ್ಲಿ ಪ್ರಕಟಿಸಿತು. ಮೊದಲು ನೀವು ಬರೆಯಿರಿ, ಆಮೇಲೆ ಅದನ್ನು ತೆರೆಯಿರಿ.

ಹಂತ 10: ಹಿತ್ತಲಿಗೆ ಹೋಗಿ

ಗಿಡಗಳ ಶಾಸ್ತ್ರೀಯ ಹೆಸರುಗಳಲ್ಲಿ ಕೃದಂತಗಳು ಎಲ್ಲೆಲ್ಲೂ ಇವೆ. ತಲೆಗೂದಲ ಎಣ್ಣೆಗೆ ಹಾಕುವ ಗರುಗದ ಸೊಪ್ಪು ‘ಎಕ್ಲಿಪ್ತ ಪ್ರೋಸ್ತ್ರಾತ’. ರಸ್ತೆ ಬದಿಯಲ್ಲಿ ಬೆಳೆಯುವ, ಗಾಯಕ್ಕೆ ಎಲೆ ಹಿಂಡುವ ಕಳೆ ‘ತ್ರಿದಾಕ್ಸ್ ಪ್ರೋಕುಂಬೇನ್ಸ್’. ಎರಡೂ ನೆಲಕ್ಕೆ ಒರಗಿದಂತೆ ಬೆಳೆಯುವವೇ. ಆದರೆ ಮೊದಲನೆಯದು ‘ತ’ ಜಾತಿ: ನೆಲಕ್ಕೆ ಕೆಡವಲ್ಪಟ್ಟದ್ದು. ಎರಡನೆಯದು ‘ನ್ಸ್’ ಜಾತಿ: ತಾನೇ ಮುಂದಕ್ಕೆ ಒರಗುತ್ತಿರುವುದು. ಎರಡನ್ನೂ ಪಕ್ಕಪಕ್ಕ ನೆಟ್ಟು ನೋಡಿದರೆ ಐದನೆಯ, ಆರನೆಯ ಹಂತಗಳು ಮತ್ತೆ ಮರೆಯುವುದಿಲ್ಲ.

ಜಾಯಿಕಾಯಿ ‘ಮಿರಿಸ್ತಿಕ ಫ್ರಾಗ್ರಾನ್ಸ್’, ಪರಿಮಳ ಬೀರುತ್ತಿರುವುದು. ಮಿರಿಸ್ತಿಕ ಸ್ತ್ರೀಲಿಂಗವಾದರೂ ‘ಫ್ರಾಗ್ರಾನ್ಸ್’ ಬದಲಾಗಲಿಲ್ಲ. ಪ್ರಥಮಾ ಏಕವಚನದಲ್ಲಿ ‘ನ್ಸ್’ ಮೂರು ಲಿಂಗಕ್ಕೂ ಒಂದೇ. ಕೊಡಸಿಗ ‘ಹೊಲರ‍್ರೇನ ಪೂಬೇಸ್ಕೇನ್ಸ್’, ನವಿರು ರೋಮ ಮೂಡುತ್ತಿರುವುದು.

ಕೊನೆಯ ಎಚ್ಚರಿಕೆ: ‘ಆತುಸ್, ಆತ, ಆತುಮ್’ ಎಂದು ಮುಗಿದದ್ದೆಲ್ಲ ಕೃದಂತವಲ್ಲ. ಗಂಟುಬಾರಂಗಿಯ ಹಳೆಯ ಹೆಸರಿನಲ್ಲಿರುವ ‘ಸೆರ‍್ರಾತುಮ್’ ಹುಟ್ಟಿದ್ದು ಕ್ರಿಯಾಪದದಿಂದಲ್ಲ, ‘ಸೆರ‍್ರ’, ಗರಗಸ, ಎಂಬ ನಾಮಪದದಿಂದ. ಎಲೆಯ ಅಂಚಿಗೆ ಗರಗಸದ ಹಲ್ಲು ಇರುವುದರಿಂದ ಆ ಹೆಸರು. ಅನುಮಾನ ಬಂದಾಗ ಪದ ಹುಟ್ಟಿದ್ದು ಧಾತುವಿನಿಂದಲೋ ನಾಮಪದದಿಂದಲೋ ಎಂದು ನಿಘಂಟಿನಲ್ಲಿ ನೋಡಿ. ಧಾತುವಿನಿಂದ ಅಲ್ಲವೆಂದರೆ ಕೃದಂತವೂ ಅಲ್ಲ.

ಅಭ್ಯಾಸಕ್ಕೆ ಒಂದು ಹೂವು ಕೊಡುತ್ತೇನೆ. ಓಣಂ ಹತ್ತಿರವಾದಂತೆ ಗುಂಡ್ಲುಪೇಟೆಯ ಹೊಲಗಳಿಂದ ಚೆಂಡು ಹೂವು ಲಾರಿಗಳಲ್ಲಿ ಕೇರಳಕ್ಕೆ ಇಳಿಯುತ್ತದೆ, ಅಂಗಳದ ಹೂವಿನ ರಂಗೋಲಿಯಾದ ಪೂಕ್ಕಳಂಗೆ. ಅದರ ಹೆಸರು ‘ತಗೇತೇಸ್ ಏರೇಕ್ತ’. ಧಾತು ಏರಿಗೋ, ನೆಟ್ಟಗೆ ಎತ್ತಿ ನಿಲ್ಲಿಸು. ನಾಲ್ಕನೆಯ ರೂಪ ಏರೇಕ್ತುಮ್. ಇದು ಯಾವ ಜಾತಿಯ ಕೃದಂತ, ಜೋಡಿ ಯಾವುದು, ಆ ಜೋಡಿಯ ಲಿಂಗ ಯಾವುದು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲು ‘-ಅಲ್ಪಟ್ಟ’ ಹಾಕಿ ಬರೆದು, ಅದರ ಕೆಳಗೆ ನಿಮಗೆ ಇಷ್ಟವಾದ ಕನ್ನಡದಲ್ಲಿ ಇನ್ನೊಮ್ಮೆ.